ಕಣಕಟ್ಟೆಯ ಇಬ್ಬರು ಲಕ್ಕಮ್ಮಂದಿರು

ಒಬ್ಬ ಮನುಷ್ಯ ಏಕಕಾಲಕ್ಕೆ ಎರಡು ಕಡೆ ಇರಲಾರ. ಸೃಷ್ಟಿಯ ಮೂಲ ನಿಯಮಗಳಲ್ಲಿ ಇದೂ ಒಂದು. ಭೌತಶಾಸ್ತ್ರದ ಮೇಷ್ಟ್ರೂ ನ್ಯಾಯಾಧೀಶರೂ ತಕರಾರಿಲ್ಲದೆ ಒಪ್ಪುತ್ತಾರೆ. ಅರಸೀಕೆರೆಯಿಂದ ಕಣಕಟ್ಟೆಗೆ ಹೋಗುವ ಬೆಳಗಿನ ಬಸ್ಸು ಮಾತ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಂದು ಕಡೆಯೂ ಇರುವುದಿಲ್ಲ.

ನಾನು ಅರಸೀಕೆರೆಯಲ್ಲಿ ಹೆಂಗಸರ ಕಾಯಿಲೆಗಳ ಡಾಕ್ಟರು. ಮೂವತ್ತು ವರ್ಷಕ್ಕೂ ಮಿಕ್ಕಿ ಇದೇ ಕೆಲಸ. ದೆವ್ವ, ಭೂತ, ಮಾಟ ಇವುಗಳಲ್ಲಿ ನನಗೆ ಯಾವತ್ತೂ ನಂಬಿಕೆ ಇರಲಿಲ್ಲ. ಗಾಳಿ ಸೋಕಿದೆ ಎಂದು ಕರೆತಂದ ಹೆಣ್ಣುಮಕ್ಕಳಿಗೆಲ್ಲ ರಕ್ತ ಪರೀಕ್ಷೆ ಮಾಡಿಸಿ ಕಬ್ಬಿಣದ ಮಾತ್ರೆ ಕೊಟ್ಟಿದ್ದೇನೆ. ಗಾಳಿ ತಾನಾಗಿ ಬಿಟ್ಟುಹೋಗಿದೆ. ಹೀಗಿರುವಾಗ ಈ ಸಂಗತಿ ಬೇರೆ ಯಾರಿಗಾದರೂ ಆಗಿದ್ದರೆ ಅವರಿಗೂ ಅದೇ ಮಾತ್ರೆ ಬರೆಯುತ್ತಿದ್ದೆ. ಓದುವವರು ನಂಬಲೇಬೇಕೆಂದು ನನ್ನ ಕೋರಿಕೆಯಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ಮೊದಲು ನನ್ನ ಕೆಲಸದ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಕಡೆ ಹೆರಿಗೆಯಾದ ಒಂದೇ ತಿಂಗಳಿಗೆ ನೀರು, ಹುಲ್ಲು, ಗೊಬ್ಬರ ಹೊತ್ತ ಹೆಂಗಸರಿಗೆ ವಯಸ್ಸಾದ ಮೇಲೆ ಗರ್ಭಕೋಶ ಕೆಳಕ್ಕೆ ಜಾರುತ್ತದೆ. ಅದನ್ನು ಅವರು ಯಾರಿಗೂ ಹೇಳುವುದಿಲ್ಲ. ಬಟ್ಟೆ ಒತ್ತಿಕೊಂಡು ಹತ್ತು ಹದಿನೈದು ವರ್ಷ ರಾಗಿ ಕಳೆ ಕೀಳುತ್ತಾರೆ. ಆಪರೇಷನ್ ಬೇಡದವರಿಗೆ, ಆಗದವರಿಗೆ ಒಂದು ಉಪಾಯವಿದೆ: ಸಿಲಿಕೋನಿನ ಮೆತ್ತನೆಯ ರಿಂಗು. ಪೆಸರಿ ಎಂದು ಅದರ ಹೆಸರು. ನಮ್ಮ ಹೆಂಗಸರು ಬಳೆ ಎನ್ನುತ್ತಾರೆ. ಸರಿಯಾದ ಅಳತೆಯದನ್ನು ಒಳಗೆ ಕೂರಿಸಿದರೆ ಜಾರಿದ್ದನ್ನು ಎತ್ತಿ ಹಿಡಿಯುತ್ತದೆ. ಹತ್ತು ನಿಮಿಷದ ಕೆಲಸ. ಆದರೆ ಮೂರು ತಿಂಗಳಿಗೊಮ್ಮೆ ತೆಗೆದು ತೊಳೆದು, ಒಳಗೆ ಹುಣ್ಣಾಗಿದೆಯೇ ಎಂದು ನೋಡಿ, ಮತ್ತೆ ಹಾಕಬೇಕು. ಮರೆತರೆ ಅದು ಮಾಂಸದೊಳಗೆ ಹೂತುಕೊಳ್ಳುತ್ತದೆ.

ವೃತ್ತಿಯ ಮೊದಲ ವರ್ಷಗಳಲ್ಲಿ, ಬೇರೆ ಊರಿನಲ್ಲಿ, ಹಾಗೆ ಮರೆತುಹೋದ ಒಂದು ರಿಂಗನ್ನು ತೆಗೆದಿದ್ದೇನೆ. ಯಾರು ಹಾಕಿದ್ದು, ಯಾವಾಗ ಹಾಕಿದ್ದು, ಆ ಮುದುಕಿಗೆ ನೆನಪಿರಲಿಲ್ಲ. ಅವಳು ಅವತ್ತು ಕೂಗಿದ ಕೂಗು ನನಗೆ ನೆನಪಿದೆ. ಅಂದಿನಿಂದ ನನ್ನದೊಂದು ಹಟ: ನಾನು ಹಾಕಿದ ರಿಂಗು ಎಲ್ಲಿದೆ ಎಂದು ನನಗೆ ಗೊತ್ತಿರಬೇಕು.

ಮಾಸ್ಕುಗಳು ಹೋಗಿ ಜನರ ಮುಖಗಳು ಮತ್ತೆ ಕಾಣತೊಡಗಿದ್ದ ವರ್ಷ. ಒಂದು ಭಾನುವಾರ ಕಣಕಟ್ಟೆಯ ಶಾಲೆಯೊಂದರಲ್ಲಿ ಹೆಂಗಸರ ತಪಾಸಣೆ ಇಟ್ಟುಕೊಂಡೆವು. ನಾನು, ನನ್ನ ಜೊತೆ ಇಪ್ಪತ್ತು ವರ್ಷದಿಂದ ಇರುವ ನರ್ಸ್ ಶಾರದಾ, ಆ ಭಾಗದ ಆಶಾ ಕಾರ್ಯಕರ್ತೆ ಮಂಜುಳ. ಮಂಜುಳ ಬೆಳಿಗ್ಗೆಯೇ ಸುತ್ತಲ ಹಳ್ಳಿಗಳಿಗೆ ಹೆಂಗಸರನ್ನು ಕರೆತರಲು ಹೋಗಿದ್ದಳು. ನಾವಿಬ್ಬರೂ ಏಳನೇ ಕ್ಲಾಸಿನ ಕೊಠಡಿಗೆ ಬೆಡ್‌ಶೀಟಿನ ಪರದೆ ಕಟ್ಟಿ, ಮೇಷ್ಟ್ರ ಟೇಬಲ್ಲನ್ನು ಪರೀಕ್ಷೆಯ ಟೇಬಲ್ ಮಾಡಿಕೊಂಡು ಕೂತೆವು.

ಒಂಬತ್ತೂವರೆಗೆ ಮೊದಲನೆಯವಳು ಬಂದಳು. ಒಬ್ಬಳೇ. ತೆಳ್ಳಗೆ, ಎತ್ತರ, ಎಡಗೆನ್ನೆಯ ಮೇಲೆ ಒಂದು ಮಚ್ಚೆ. ಹೆಸರು ಲಕ್ಕಮ್ಮ ಎಂದಳು, ಗಂಡನ ಹೆಸರು, ಊರು ಹೇಳಿದಳು. ಶಾರದಾ ಬರೆದುಕೊಂಡಳು.

"ಏನಾಗ್ತಿದೆ ಅಜ್ಜಿ?" ಎಂದೆ.

"ಅಜ್ಜಿ ಅನ್ಬ್ಯಾಡ ಕಣವ್ವ. ನಿಂದೂ ತಲೆ ಬೆಳ್ಳಗಾಗೈತೆ."

ಶಾರದಾ ಮುಖ ಆ ಕಡೆ ತಿರುಗಿಸಿ ನಕ್ಕಳು. ಪರೀಕ್ಷೆ ಮಾಡುವಾಗ ಬಲತೊಡೆಯ ಮೇಲೆ ವೀಳ್ಯದೆಲೆಯಷ್ಟು ಅಗಲದ ಹಳೆಯ ಸುಟ್ಟ ಕಲೆ ಕಂಡಿತು. ಕೇಳುವ ಮೊದಲೇ ಹೇಳಿದಳು: "ಮುದ್ದೆ ಎಸರು ಚೆಲ್ಕೊಂಡಿದ್ದು. ಏಳು ವರ್ಸದೋಳು ಆವಾಗ. ನಮ್ಮವ್ವ ಎಸರು ಹೋಯ್ತಲ್ಲಾ ಅಂತ ಅತ್ಲು."

ಗರ್ಭಕೋಶ ಜಾರಿತ್ತು, ಆದರೆ ಒಳಗೆಲ್ಲ ಶುಭ್ರವಾಗಿತ್ತು, ಎಲ್ಲೂ ಹುಣ್ಣಿರಲಿಲ್ಲ. ಮೊದಲು ಹಾಕಿದ ರಿಂಗು ಚಿಕ್ಕದಾಯಿತು, ಕೆಮ್ಮಿದಾಗ ಹೊರಬಂತು. ಮುಂದಿನ ಅಳತೆಯದು ಕೂತಿತು. ಕುಕ್ಕರಗಾಲಲ್ಲಿ ಕೂರಿಸಿದೆ, ಕೆಮ್ಮಿಸಿದೆ, ಓಡಾಡಿಸಿದೆ. ಕರಿಹಲಗೆಯಿಂದ ಬಾಗಿಲವರೆಗೆ ಎರಡು ಸಲ ಹೋಗಿ ಬಂದು ನಿಂತಳು. "ಹಗುರಾಯ್ತು ಕಣವ್ವ" ಎಂದಳು. ಅವಳ ಮುಖದಲ್ಲಿ ಆಗ ಕಂಡದ್ದನ್ನು ಈ ಕೆಲಸದಲ್ಲಿ ಆಗಾಗ ಕಂಡಿದ್ದೇನೆ. ಅದಕ್ಕಾಗಿಯೇ ಈ ಕೆಲಸ ಬಿಟ್ಟಿಲ್ಲ. ಮೂರು ತಿಂಗಳಿಗೆ ತಪ್ಪದೆ ಬರಬೇಕು ಎಂದು ಎರಡು ಸಲ ಹೇಳಿದೆ. ಬತ್ತೀನಿ ಎಂದು ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿ ಹೋದಳು.

ಆಮೇಲೆ ಒಬ್ಬರ ಹಿಂದೆ ಒಬ್ಬರು ಬಂದರು. ಮಧ್ಯಾಹ್ನ ಎರಡೂವರೆಗೆ, ನಾವು ಕೈ ತೊಳೆದು ಡಬ್ಬಿ ಬಿಚ್ಚುವ ಹೊತ್ತಿಗೆ, ಮಂಜುಳ ಒಬ್ಬಳನ್ನು ಕರೆತಂದಳು. "ಮೇಡಂ, ಇವರೊಬ್ಬರನ್ನ ನೋಡಿಬಿಡಿ. ಬೆಳಿಗ್ಗೆ ಒಂಬತ್ತು ಗಂಟೆಗೇ ಕರೆಯಕ್ಕೆ ಹೋಗಿದ್ದೆ. ಹಸು ಈಯ್ತಾ ಇತ್ತು, ಕೊಟ್ಟಿಗೆ ಬಿಟ್ಟು ಬರಲ್ಲ ಅಂದ್ರು. ನಾನೂ ಮಜ್ಜಿಗೆ ಕುಡ್ಕೊಂಡು ಅಲ್ಲೇ ಕೂತಿದ್ದು, ಕರು ಎದ್ದು ನಿಂತ್ಮೇಲೆ ಕರ್ಕೊಂಡು ಬಂದೆ."

ಲಕ್ಕಮ್ಮ. ಅದೇ ಎತ್ತರ, ಅದೇ ಮಚ್ಚೆ.

ಶಾರದಾ, "ಯಾಕಮ್ಮ, ಬಳೆ ಬಿದ್ದೋಯ್ತಾ?" ಎಂದಳು.

"ಯಾವ ಬಳೆ?"

ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ಬೆಳಿಗ್ಗೆ ನನ್ನ ತಲೆಗೂದಲ ಬಗ್ಗೆ ತೀರ್ಪು ಕೊಟ್ಟವಳಿಗೆ ಅದು ದೊಡ್ಡದಲ್ಲ. ಹೆಸರು, ಗಂಡನ ಹೆಸರು, ಊರು ಕೇಳಿದೆ. ಎಲ್ಲವೂ ಅದೇ. ಟೇಬಲ್ ಹತ್ತಿಸಿದೆ. ಬಲತೊಡೆಯ ಮೇಲೆ ವೀಳ್ಯದೆಲೆಯಷ್ಟು ಕಲೆ. ಒಳಗೆ ರಿಂಗು ಇರಲಿಲ್ಲ. ಇಷ್ಟಾದರೆ, ತೆಗೆದು ಬಿಸಾಡಿ ಬಂದಿದ್ದಾಳೆ ಎಂದು ಗದರಿಸಿ ಸುಮ್ಮನಾಗುತ್ತಿದ್ದೆ. ಆದರೆ ಗರ್ಭಕೋಶದ ಬಾಯಿಯ ಮೇಲೆ ಹೆಬ್ಬೆರಳಿನ ಉಗುರಿನಷ್ಟು ಒಂದು ಹುಣ್ಣಿತ್ತು. ಬಟ್ಟೆ ಉಜ್ಜಿ ಉಜ್ಜಿ ಆದ, ಅಂಚು ಗಟ್ಟಿಯಾದ ಹಳೆಯ ಹುಣ್ಣು. ಅಂಥದ್ದು ಆಗಲು ತಿಂಗಳುಗಳು ಬೇಕು. ಒಂಬತ್ತೂವರೆಯಿಂದ ಎರಡೂವರೆಯೊಳಗೆ ಆಗುವುದಿಲ್ಲ. ಟಾರ್ಚನ್ನು ಹತ್ತಿರ ತಂದು ಇನ್ನೊಮ್ಮೆ ನೋಡಿದೆ. ಶಾರದಾ ಅದನ್ನು ನೋಡಿ ಮಕ್ಕಳ ಬೆಂಚಿನ ಮೇಲೆ ಕೂತುಬಿಟ್ಟಳು.

"ಯಾಕವ್ವ ಇಬ್ರೂ ಹಿಂಗಾಡ್ತೀರಿ? ಕ್ಯಾನ್ಸರಾ?" ಎಂದಳು ಲಕ್ಕಮ್ಮ.

ಹಾಗೇನೂ ಕಾಣಿಸುತ್ತಿಲ್ಲ ಎಂದೆ. ಕ್ರೀಮು ಹಚ್ಚಿದರೆ ಹುಣ್ಣು ಮಾಯುತ್ತದೆ, ಆಮೇಲೆ ಬಳೆ ಹಾಕಬಹುದು ಎಂದೆ. ಬಳೆಯೂ ಬೇಡ ಗಿಳೆಯೂ ಬೇಡ, ಮಂಜುಳನ ಕಾಟಕ್ಕೆ ಬಂದೆ ಎಂದು ಸೀರೆ ಸರಿಮಾಡಿಕೊಂಡು ಎದ್ದೇಬಿಟ್ಟಳು. ಆಗ ನಾನು ಮಾಡಿದ್ದು ಸರಿಯೋ ತಪ್ಪೋ ಗೊತ್ತಿಲ್ಲ. ಬೆಳಗಿನ ಸಂಗತಿಯನ್ನು ಹೇಳಿಬಿಟ್ಟೆ. ಅವಳು ಹೆದರಲಿಲ್ಲ. ಎದ್ದವಳು ಮತ್ತೆ ಕೂತಳು.

"ನನ್ ಥರಾನೇ ಇದ್ಲಾ?"

"ಹೂಂ."

"ಹಾಕುಸ್ಕಂಡು ಓಡಾಡಿದ್ಲಾ?"

"ಎರಡು ಸಲ ಓಡಾಡಿದಳು. ಹಗುರಾಯ್ತು ಅಂದಳು."

"ಹಂಗಾದ್ರೆ ಆ ಕ್ರೀಮು ಕೊಡು" ಎಂದಳು.

ಅವಳು ಹೋದ ಮೇಲೆ ನಮ್ಮ ವಿಚಾರಣೆ ಶುರುವಾಯಿತು. ಪೆಟ್ಟಿಗೆ ನೋಡಿದೆವು, ಆ ಅಳತೆಯ ರಿಂಗು ಒಂದು ಕಡಿಮೆಯಿತ್ತು. ರಿಜಿಸ್ಟರಿನಲ್ಲಿ ಬೆಳಗಿನ ಹೆಬ್ಬೆಟ್ಟಿತ್ತು, ಕ್ರೀಮು ತೆಗೆದುಕೊಳ್ಳುವಾಗ ಒತ್ತಿದ ಮಧ್ಯಾಹ್ನದ್ದೂ ಇತ್ತು. ನಾಚಿಕೆಗೆ ಬೇರೆಯವಳ ಹೆಸರು ಹೇಳಿ ತೋರಿಸಿಕೊಳ್ಳುವುದು ನಮ್ಮ ಹೆಂಗಸರಲ್ಲಿ ಹೊಸದಲ್ಲ. ಒಂದೇ ಹೆಸರಿನಲ್ಲಿ ಮೂವರು ಓರಗಿತ್ತಿಯರು ಬಂದದ್ದುಂಟು. ಆದರೆ ಹೆಸರನ್ನು ಕಡ ತರಬಹುದು, ಮಚ್ಚೆಯನ್ನೂ ಸುಟ್ಟ ಕಲೆಯನ್ನೂ ತರಲಾಗದು. ಲಕ್ಕಮ್ಮನಿಗೆ ಅಕ್ಕತಂಗಿಯರೇ ಇಲ್ಲ. ಭೂತಗನ್ನಡಿ ಹಿಡಿದು ಎರಡೂ ಹೆಬ್ಬೆಟ್ಟುಗಳನ್ನು ಒಂದು ಸಂಜೆಯೆಲ್ಲ ಹೋಲಿಸಿದೆ. ಎರಡೂ ಒಂದೇ ಕಂಡವು. ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಆಮೇಲೆ ಶಾರದಾಳ ಹೆಬ್ಬೆಟ್ಟನ್ನೂ ಒತ್ತಿಸಿ ನೋಡಿದೆ. ಅದೂ ಹಾಗೇ ಕಂಡಿತು.

"ಮೇಡಂ, ಅದು ಮನುಷ್ಯರಲ್ಲ. ಬಿಟ್ಟುಬಿಡಿ" ಎಂದಳು ಶಾರದಾ.

ಬಿಡಲು ನನ್ನಿಂದ ಆಗಲಿಲ್ಲ. ಬಂದವಳು ಮನುಷ್ಯಳೋ ಅಲ್ಲವೋ ಎಂಬುದು ಎರಡನೆಯ ಪ್ರಶ್ನೆ. ಅವಳ ಒಳಗೆ ನಾನು ಹಾಕಿದ ರಿಂಗು ಇದೆ ಎಂಬುದು ಮೊದಲನೆಯದು. ದೆವ್ವಗಳಿಗೆ ಮೂರು ತಿಂಗಳ ತಪಾಸಣೆಯಿಂದ ವಿನಾಯಿತಿ ಇದೆ ಎಂದು ನಾನು ಓದಿದ ಯಾವ ಪುಸ್ತಕದಲ್ಲೂ ಬರೆದಿಲ್ಲ.

ಮೂರು ತಿಂಗಳು ಕಳೆಯಿತು, ಅವಳು ಬರಲಿಲ್ಲ. ಆಗಿನಿಂದ ಭಾನುವಾರಗಳನ್ನು ಹುಡುಕಾಟಕ್ಕೆ ಮೀಸಲಿಟ್ಟೆ. ಕಣಕಟ್ಟೆಯ ಸುತ್ತ ಮುಗಿಸಿ, ಹಾರನಹಳ್ಳಿ, ಆಮೇಲೆ ಹಳೇಬೀಡಿನ ಕಡೆ. ಕಣಕಟ್ಟೆಯಲ್ಲಿ ಬಳೆ ಹಾಕಿಸಿಕೊಂಡವರು ಬರಲಿ, ಹೆಸರು ಕೇಳುವುದಿಲ್ಲ ಎಂದು ಊರೂರಿನ ಆಶಾ ಕಾರ್ಯಕರ್ತೆಯರಿಗೆ ಹೇಳಿದೆ. ಹುಲಿಕೆರೆಯಲ್ಲಿ ಕಟ್ಟೆಯ ಮೇಲೆ ಕೂತಿದ್ದ ಇಬ್ಬರ ಮಾತು ಕಿವಿಗೆ ಬಿತ್ತು.

"ಏನ್ಲಾ, ಡಾಕ್ಟ್ರಮ್ಮ ಯಾರನ್ನೋ ಹುಡುಕ್ತಾ ಅವ್ರಂತೆ?"

"ಅವರ ಬಳೆ ಹೊಡ್ಕಂಡು ಯಾವಳೋ ಹೋಗವ್ಳಂತೆ ಕಣ್ಲಾ. ಚಿನ್ನದ್ದಿರ್ಬೇಕು."

ಶಾರದಾ ತಿರುಗಿ ನಿಂತು ಅದು ಎಂಥ ಬಳೆ, ಎಲ್ಲಿ ಹಾಕುವುದು, ಯಾಕೆ ಹಾಕುವುದು ಎಂದು ವಿವರಿಸಿದಳು. ಇಬ್ಬರೂ ಎದ್ದು ಬೇರೆ ಬೇರೆ ದಿಕ್ಕಿಗೆ ಹೋದರು.

ಹಳೇಬೀಡಿನ ಸಂತೆಯಲ್ಲಿ ಒಮ್ಮೆ ಅವಳದೇ ಬೆನ್ನು ಕಂಡು ಸೊಪ್ಪಿನ ಸಾಲು ದಾಟಿ ಓಡಿದೆ. ತಿರುಗಿದವಳು ಬೇರೆ ಯಾರೋ. ತನ್ನ ಗರ್ಭಕೋಶ ಇರಬೇಕಾದ ಜಾಗದಲ್ಲೇ ಇದೆ ಎಂದು ಆಕೆ ನಾಲ್ಕು ಜನಕ್ಕೆ ಕೇಳುವ ಹಾಗೆ ತಿಳಿಸಿದಳು.

ಹಾರನಹಳ್ಳಿಯಲ್ಲಿ ಒಬ್ಬ ಟೀಚರು ಬಂದು, "ನೀವು ಹುಡುಕ್ತಿರೋರು ನಾನಲ್ಲ. ಆದ್ರೂ ಒಂದು ನಿಮಿಷ ಇದೆಯಾ?" ಎಂದರು. ಎರಡು ವರ್ಷದಿಂದ ತಿಂಗಳಲ್ಲಿ ಹದಿನೈದು ದಿನ ರಕ್ತಸ್ರಾವ. ಶಾಲೆಗೆ ಕಪ್ಪು ಸೀರೆ ಬಿಟ್ಟು ಬೇರೆ ಉಡುತ್ತಿರಲಿಲ್ಲ, ಕುರ್ಚಿಯ ಮೇಲೆ ಕೂರುತ್ತಿರಲಿಲ್ಲ. ಗರ್ಭಕೋಶ ತೆಗೆಸಿಬಿಡಿ ಎಂದು ಎಲ್ಲರೂ ಹೇಳಿದ್ದರು, ಆಕೆಗೆ ಮನಸ್ಸಿರಲಿಲ್ಲ. ಪರೀಕ್ಷೆಗಳನ್ನೆಲ್ಲ ಮಾಡಿಸಿ ಹಾರ್ಮೋನು ಇರುವ ವಂಕಿ ಹಾಕಿದೆ, ಕಾಪರ್-ಟಿಯ ಥರದ್ದು. ಗರ್ಭಕೋಶದೊಳಗೆ ಕೂತು ದಿನವೂ ಇಷ್ಟಿಷ್ಟೇ ಔಷಧಿ ಬಿಡುತ್ತದೆ. ವಂಕಿ ಎದೆಗೆ ಹತ್ತುತ್ತದಂತೆ ಎಂದು ಅತ್ತೆ ಹೆದರಿಸಿದ್ದರಂತೆ. ಹತ್ತಲು ದಾರಿಯಿಲ್ಲ ಎಂದು ಚಿತ್ರ ಬರೆದು ತೋರಿಸಿದೆ. ಮೊದಲ ಮೂರು ತಿಂಗಳು ಹನಿಹನಿ ಆಗುತ್ತಿತ್ತು, ಐದನೆಯ ತಿಂಗಳು ನಿಂತಿತು. ಆಮೇಲೆ ಒಂದು ದಿನ ನಿಂಬೆಹಳದಿ ಸೀರೆ ಉಟ್ಟು, ಏನೂ ಕೆಲಸವಿಲ್ಲದೆ, ಕ್ಲಿನಿಕ್ಕಿಗೆ ಬಂದು ಕೂತು ಹೋದರು. ಹೀಗೆ ಒಬ್ಬಳನ್ನು ಹುಡುಕುತ್ತ ಹೋದವಳಿಗೆ, ಹುಡುಕದವರು ಎಷ್ಟೋ ಮಂದಿ ಸಿಕ್ಕಿದರು.

ಲಕ್ಕಮ್ಮನ ಹುಣ್ಣು ಆರು ವಾರಕ್ಕೆ ಮಾಯಿತು. ಅದೇ ಅಳತೆಯ ರಿಂಗು ಹಾಕಿದೆ; ಅಳತೆ ನೋಡುವ ಅಗತ್ಯವೇ ಬೀಳಲಿಲ್ಲ. ಮೂರು ತಿಂಗಳಿಗೊಮ್ಮೆ ತಪ್ಪದೆ ಬರುತ್ತಾಳೆ. ಬಂದವಳು ತನ್ನ ವಿಷಯ ಆಮೇಲೆ, ಮೊದಲು ಇದನ್ನೇ ಕೇಳುತ್ತಾಳೆ: "ಬಂದಿದ್ಲಾ?"

"ಇಲ್ಲ."

"ಎಲ್ಲೋ ಕೆಲ್ಸ ಇರ್ಬೇಕು. ಕೈಗೆ ಬಿಡುವಾದಾಗ ಬತ್ತಾಳೆ ಬಿಡು."

ಇದಕ್ಕೆ ನನ್ನಲ್ಲಿ ವಿವರಣೆ ಇಲ್ಲ. ಓದಿದವರನ್ನು ಕೇಳಿದೆ, ನನ್ನ ರಕ್ತದೊತ್ತಡ ನೋಡಿದರು, ಸರಿಯಾಗಿಯೇ ಇತ್ತು. ಪೂಜೆ ಮಾಡುವವರನ್ನು ಕೇಳಿದೆ. ಶಾಂತಿ ಮಾಡಿಸಿ ಎಂದರು. ರಿಂಗು ತೆಗೆಯುವುದಕ್ಕೆ ಶಾಂತಿ ಸಾಲದು, ಬೆಳಕು ಬೇಕು, ಗ್ಲೋವ್ಸ್ ಬೇಕು, ಮುಖ್ಯವಾಗಿ ಆ ಹೆಂಗಸು ಬೇಕು.

ಪ್ರತಿ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರವರೆಗೆ ಕಣಕಟ್ಟೆಯ ಅದೇ ಕೊಠಡಿಯಲ್ಲಿ ಕೂರುತ್ತೇನೆ. ಅವಳು ಈವರೆಗೆ ಬಂದಿಲ್ಲ.