ಪಾದ್ರಿಯ ಅಂಗಿಗೆ ಮೂವತ್ತು ಕಾಜಾ

ಕಾಜಾ ಅಕ್ಕ ಎಂದು ಕರೆದರಷ್ಟೇ ಆಕೆ ತಿರುಗಿ ನೋಡುವುದು. ಹುಟ್ಟುಹೆಸರೇನಿದ್ದರೂ ಕಾಗದಪತ್ರಕ್ಕೆ ಮಾತ್ರ. ಹೊಲಿಗೆ ಅಂಗಡಿಯಲ್ಲಿ ಇಪ್ಪತ್ತೆಂಟು ವರ್ಷ ಅಂಗಿಗಳಿಗೆ ಗುಂಡಿ ತೂರುವ ಕಾಜಾಗಳನ್ನು ಕೈಯಲ್ಲೇ ಹೊಲಿದವಳು. ಇದು ಮೆಷಿನ್ನಿನದೇ ಎಂದು ಯಾರಾದರೂ ಕೇಳಿದರೋ, ಮುಗಿಯಿತು ಅವರ ಕಥೆ! "ಮೆಷಿನ್ನಿಗೆ ಇಷ್ಟು ನಾಜೂಕು ಎಲ್ಲಿಂದ ಬರ್ಬೇಕು?" ಎಂದು ಜಾಡಿಸುತ್ತಿದ್ದಳು. ಜಂಬವೇ? ಹೌದು, ಜಂಬವೇ. ಕೆಲಸ ಬಲ್ಲವಳಿಗೆ ಅಷ್ಟೂ ಬೇಡವೇ?

ಅಂಥವಳಿಗೆ ಒಂದು ಬೆಳಿಗ್ಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ವ್ಯಾಯಾಮ ಮಾಡಿದರೆ ಸ್ವಲ್ಪ ಸ್ವಲ್ಪ ಬರುತ್ತದೆ, ಆದರೆ ಸೂಜಿ ಕೆಲಸದ ಆಸೆ ಬಿಡಿ ಎಂದರು ಡಾಕ್ಟರು. ಆಸೆಯನ್ನೇ ಬಿಡಬೇಕಂತೆ!

ಅತ್ತೆ ಸುಮ್ಮನಿರುವ ಪೈಕಿಯಲ್ಲ. ದಿನಾ ಬೆಳಿಗ್ಗೆ ಸೊಸೆಯ ಹಾಸಿಗೆ ಪಕ್ಕ ಕೂತು, ಯೇಸುಸ್ವಾಮಿ ರೋಗಿಗಳನ್ನು ವಾಸಿಮಾಡಿದ ಒಂದೊಂದು ಕಥೆ ಓದುತ್ತಿದ್ದರು. ಕುಂಟ ಎದ್ದು ನಡೆದ, ಸತ್ತ ಹುಡುಗಿ ಎದ್ದು ಕೂತಳು. ಕೇಳಿ ಕೇಳಿ ಕಾಜಾ ಅಕ್ಕನಿಗೆ ಮೈ ಉರಿಯಿತು. "ಅವರಿಗೆಲ್ಲ ಒಂದೇ ಮಾತಿಗೆ ವಾಸಿ ಅತ್ತೆ. ನಾನು ಎರಡು ತಿಂಗಳಿಂದ ಈ ರಬ್ಬರ್ ಚೆಂಡು ಹಿಸುಕ್ತಾ ಕೂತಿದೀನಿ. ನನ್ನ ನಂಬಿಕೆನೇ ಖೋಟಾ ಇರ್ಬೇಕು."

ಮಾರನೆಯ ದಿನ ಅತ್ತೆ ಬೇಕೆಂದೇ ಕುರುಡನ ಕಥೆ ತೆಗೆದರು. ಸ್ವಾಮಿ ಅವನ ಕಣ್ಣು ಮುಟ್ಟಿ, ಏನಾದರೂ ಕಾಣುತ್ತದೆಯೇ ಎಂದು ಕೇಳುತ್ತಾರೆ. ಜನ ಕಾಣುತ್ತಾರೆ, ಆದರೆ ಓಡಾಡುವ ಮರಗಳ ಹಾಗೆ ಎನ್ನುತ್ತಾನೆ ಅವನು. ಸ್ವಾಮಿ ಇನ್ನೊಮ್ಮೆ ಮುಟ್ಟುತ್ತಾರೆ. ಆಗ ಎಲ್ಲವೂ ನಿಚ್ಚಳ.

ಕಾಜಾ ಅಕ್ಕ ಚೆಂಡು ಬಿಟ್ಟು ಎದ್ದು ಕೂತಳು. "ಸ್ವಾಮಿಗೇ ಎರಡು ಸಲ ಮುಟ್ಟಬೇಕಾಯ್ತಾ?"

"ಆಯ್ತಲ್ಲ! ಆ ಕುರುಡನೂ ನೋಡು, ದಾಕ್ಷಿಣ್ಯಕ್ಕೆ ಬಿದ್ದು ಪೂರ್ತಿ ಕಾಣ್ತಿದೆ ಅನ್ನಲಿಲ್ಲ."

ಅವತ್ತು ಅವಳು ಬಿಕ್ಕಿ ಬಿಕ್ಕಿ ಅತ್ತಳು, ಸಂತೋಷಕ್ಕೆ. ಅರ್ಧ ವಾಸಿಯಾದವರನ್ನೂ ಸ್ವಾಮಿ ಕೈಬಿಡುವುದಿಲ್ಲವಲ್ಲ!

ಎಂಟು ತಿಂಗಳಿಗೆ ಬೆರಳು ಸೂಜಿ ಹಿಡಿಯಿತು. ಅಂಗಡಿಗೆ ಹೋದರೆ, ಯಜಮಾನರು ಪಾದ್ರಿಯ ಹೊಸ ನಿಲುವಂಗಿ ಮುಂದಿಟ್ಟರು. ಕುತ್ತಿಗೆಯಿಂದ ಪಾದದವರೆಗೆ ಮೂವತ್ತು ಕಾಜಾ. "ಇದನ್ನ ಮುಗಿಸಮ್ಮ, ನಿನ್ನ ಕುರ್ಚಿ ನಿಂದೇ. ಆಗ್ಲಿಲ್ಲ ಅಂದ್ರೆ ಮೆಷಿನ್ ತರಿಸ್ತೀನಿ, ಬೇಜಾರು ಮಾಡ್ಕೋಬೇಡ."

ಕೈ ಪಳಗುವ ತನಕ ಯಾರಿಗೂ ಕಾಣದ ಕೆಳಗಂಚಿನಿಂದ ಶುರುಮಾಡಬೇಕಿತ್ತು. ಇಪ್ಪತ್ತೆಂಟು ವರ್ಷದ ಅಭ್ಯಾಸ ನೋಡಿ, ಸೀದಾ ಕುತ್ತಿಗೆಗೇ ಕತ್ತರಿ ಹಾಕಿದಳು. ಮೊದಲ ಮೂರು ಸೊಟ್ಟಂಬಟ್ಟ! ಬಿಚ್ಚಿ ಹೊಲಿಯೋಣವೆಂದರೆ, ಕಾಜಾಕ್ಕೆ ಕತ್ತರಿಸಿದ ಬಟ್ಟೆ ಮತ್ತೆ ಕೂಡುವುದಿಲ್ಲ. ಆದರೂ ಹಠ ಬಿಡಲಿಲ್ಲ. ಹತ್ತನೆಯದು ಪರವಾಗಿಲ್ಲ, ಇಪ್ಪತ್ತನೆಯದು ನೆಟ್ಟಗೆ, ಮೂವತ್ತನೆಯದು ಹಳೇ ಕಾಜಾ ಅಕ್ಕನದೇ.

"ಆ ಮೂರರ ಮೇಲೆ ಒಂದು ಪಟ್ಟಿ ಹಾಕಿ ಮುಚ್ಚಿಬಿಡ್ತೀನಿ," ಎಂದರು ಯಜಮಾನರು. ಕುರ್ಚಿಯ ಮಾತೇ ಎತ್ತಲಿಲ್ಲ.

"ಬೇಡಿ ಯಜಮಾನ್ರೇ. ಫಾದರ್‌ಗೆ ನಾನೇ ಹೇಳ್ತೀನಿ."

ಅವಳು ಹೇಳಿದ್ದೆಲ್ಲ ಕೇಳಿಯೂ ಪಾದ್ರಿ ಭಾನುವಾರ ಚರ್ಚಿಗೆ ಅದನ್ನೇ ತೊಟ್ಟು ಬಂದರು. ಪ್ರಾರ್ಥನೆಯಾಗಿ, ದೇವರು ಮಾಡಿದ ಉಪಕಾರವನ್ನು ಒಬ್ಬೊಬ್ಬರೇ ಸಾಕ್ಷಿ ಹೇಳುವ ಹೊತ್ತು. ಕಾಜಾ ಅಕ್ಕ ಎದ್ದಳು. "ಪೂರ್ತಿ ವಾಸಿಯಾಯ್ತು ಅಂತ ಹೇಳು ಅತ್ತಿಗೆ," ಎಂದು ಪಕ್ಕದಲ್ಲಿದ್ದ ನಾದಿನಿ ತಿವಿದಳು.

"ಫಾದರ್ ಅಂಗಿ ನೋಡಿ," ಎಂದಳು ಕಾಜಾ ಅಕ್ಕ. "ಮೇಲಿನ ಮೂರು ಕಾಜಾ ಸೊಟ್ಟಗಿವೆ. ಬೈಬಲ್‌ನಲ್ಲಿ ಆ ಕುರುಡನಿಗೆ ಜನ ಮರದ ಹಾಗೆ ಕಾಣ್ತಿದ್ರಲ್ಲ, ಹಾಗೆ ಅರ್ಧ ವಾಸಿಯಾಗಿದ್ದಾಗ ನಾನು ಹೊಲಿದಿದ್ದು ಅವು. ಹಾಗೇ ಕೆಳಗೆ ನೋಡ್ತಾ ಹೋಗಿ. ಕಿರುಬೆರಳು ಇನ್ನೂ ಮಲಗಿದೆ. ಏಳುತ್ತೆ ಬಿಡಿ."

ಪಾದ್ರಿ ಎಲ್ಲರಿಗೂ ಕಾಣಲೆಂದು ಎದೆಯುಬ್ಬಿಸಿ ನಿಂತರು. ಹಿಂದಿನ ಬೆಂಚಿನಿಂದ ಯಜಮಾನರು ಕಣ್ಣೊರೆಸಿಕೊಂಡು, ಇದು ದೇವಾಲಯ ಎಂಬುದನ್ನೂ ಮರೆತು ಕೂಗಿದರು: "ನಾಳೆ ಒಂಬತ್ತಕ್ಕೆ ಬಾಮ್ಮ, ಅಂಗಿ ರಾಶಿ ಬಿದ್ದಿದೆ!"

ಹೊರಗೆ ಅತ್ತೆ ಸಿಕ್ಕಸಿಕ್ಕವರನ್ನು ಪಾದ್ರಿಯ ಮುಂದೆ ಎಳೆತಂದು ನಿಲ್ಲಿಸುತ್ತಿದ್ದರು. ಕೆಳಗಿನ ನೆಟ್ಟನೆಯ ಕಾಜಾಗಳತ್ತ ಅವರ ಬೆರಳೇ ಹೋಗಲಿಲ್ಲ.

"ಕುತ್ತಿಗೆ ಹತ್ರ ನೋಡಿ, ಆ ಮೊದಲ ಮೂರು! ನಮ್ಮ ಸೊಸೆ ಹೊಲಿದಿದ್ದು!"