ಹದ್ದಿನ ಕಾಲಿನ ಪಟ್ಟಿ

2023ರ ವಸಂತದಲ್ಲಿ ನಾನು ಬರ್ಮಿಂಗ್‌ಹ್ಯಾಮ್‌ನ ಒಂದು ವಾರಪತ್ರಿಕೆಯಲ್ಲಿ ಸ್ಟಾಫ್ ಫೋಟೋಗ್ರಾಫರ್ ಆಗಿದ್ದೆ. ವುಲ್ವರ್‌ಹ್ಯಾಂಪ್ಟನ್‌ನ ಆಚೆ ಬೇಟೆಹಕ್ಕಿಗಳ ಕೇಂದ್ರವೊಂದಿತ್ತು. ಹವ್ಯಾಸಿ ಛಾಯಾಗ್ರಾಹಕರಿಗಾಗಿ ಅಲ್ಲಿ ಬಾಲ್ಡ್ ಈಗಲ್ ಹಾರಿಸುತ್ತಿದ್ದರು. ಬಿಳಿ ತಲೆಯ ಈ ಹದ್ದು ಅಮೆರಿಕದ್ದು. ಇಂಗ್ಲೆಂಡಿನಲ್ಲಿ ಸಾಕಿದವು ಮಾತ್ರ ಇವೆ. ಚಿತ್ರಲೇಖನಕ್ಕೆಂದು ಹೊರಟೆ. ಜೊತೆಗೆ ಹಾರ್ಬೋರ್ನ್‌ನ ಡಾ. ನದೀಮ್ ಬಂದರು. ಹುಬ್ಬಳ್ಳಿಯವರು, ಅರಿವಳಿಕೆ ತಜ್ಞರು, ರಜೆ ಸಿಕ್ಕರೆ ಕೈಯಲ್ಲಿ ಕ್ಯಾಮೆರಾ.

ಹಾರುವ ಹದ್ದನ್ನು ಹಿಡಿಯಲು ಶಟರ್ ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗ ಮಾತ್ರ ತೆರೆದಿರಬೇಕು. ಕಪ್ಪು ಮೈಗೆ ಬೆಳಕು ಹೊಂದಿಸಿದರೆ ತಲೆ ಸುಣ್ಣ ಬಳಿದಂತಾಗುತ್ತದೆ. ಇನ್ನೊಂದು ತೊಡಕು ಕಾಲಿನ ತೊಗಲು ಪಟ್ಟಿಗಳು. ಕಟ್ಟಿಹಾಕುವ ಪಟ್ಟಿಯ ತುದಿಯಲ್ಲಿ ಹಗ್ಗ ಪೋಣಿಸಲು ಸೀಳು ಇರುತ್ತದೆ. ಹಾರಿಸುವ ಮೊದಲು ಅದನ್ನು ಬಿಚ್ಚಿ ಸೀಳಿಲ್ಲದ್ದನ್ನು ತೊಡಿಸಬೇಕು. ಇಲ್ಲವಾದರೆ ಸೀಳಿಗೆ ಟೊಂಗೆ ಸಿಕ್ಕಿ ಹಕ್ಕಿ ತಲೆಕೆಳಗಾಗಿ ನೇತಾಡುತ್ತದೆ. ಬಂದವರೆಲ್ಲ ಮನೆಗೆ ಹೋಗಿ ಪಟ್ಟಿಗಳನ್ನು ಕಂಪ್ಯೂಟರಿನಲ್ಲಿ ಅಳಿಸುತ್ತಿದ್ದರು. ಅಳಿಸಿಯೇ ಹಂಚಿಕೊಳ್ಳಿ ಎಂದು ಕೇಂದ್ರವೂ ಕೋರುತ್ತಿತ್ತು.

ಬೆಳಿಗ್ಗೆ ಹಕ್ಕಿಗಳನ್ನು ನೋಡಿಕೊಳ್ಳುವ ಗಿಲಿಯನ್ ಹದ್ದನ್ನು ಕ್ರಮವಾಗಿಯೇ ಹಾರಿಸಿದಳು. ಆಮೇಲೆ ಸೀಳಿನ ಪಟ್ಟಿ ತೊಡಿಸಿ ಕಟ್ಟಿದಳು. "ಇವತ್ತಿಗೆ ಇವಳಿಗೆ ಸಾಕು, ಬಾಯಿ ತೆರೆದು ಉಸಿರಾಡ್ತಿದಾಳೆ" ಎಂದು ಹೇಳಿ ಊಟಕ್ಕೆ ಹೋದಳು. ಅಷ್ಟರಲ್ಲಿ ಮೋಡ ಸರಿಯಿತು. "ಇಂಥ ಬೆಳಕು ಬಿಟ್ಟರೆ ಹೇಗೆ?" ಎಂದ ಕೇಂದ್ರದ ಮಾಲೀಕ ತಾನೇ ಹದ್ದನ್ನು ಬಿಚ್ಚಿದ. ಪಟ್ಟಿ ಬದಲಿಸದೆ ಹಾರಿಸಿದ. ಎಲ್ಲರೂ ಕ್ಯಾಮೆರಾ ಎತ್ತಿದೆವು.

ಹದ್ದು ದೂರದ ಮರವೊಂದಕ್ಕೆ ಹೋಗಿ ಸಿಕ್ಕಿಕೊಂಡಿತು. ಗಿಲಿಯನ್ ಏಣಿ ಹಾಕಿ ಇಳಿಸಿಕೊಂಡು ಬರುವ ಹೊತ್ತಿಗೆ ಒಂದು ಕಾಲು ಮುರಿದಿತ್ತು.

ಅದೇ ವಾರ ಗಿಲಿಯನ್‌ಳನ್ನು ಅಮಾನತು ಮಾಡಿದರು. "ಹಾರಿಸಿದ್ದು ಅವಳೇ" ಎಂದು ಮಾಲೀಕ ನಮ್ಮ ಪತ್ರಿಕೆಗೇ ಹೇಳಿಕೆ ಕೊಟ್ಟ. ನನ್ನೊಬ್ಬನ ಮಾತು ಸಾಲದೆಂದು ಅಂದು ಬಂದಿದ್ದವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಎಲ್ಲರದ್ದೂ ಒಂದೇ ಉತ್ತರ: ನಾನು ಹಕ್ಕಿಯನ್ನಷ್ಟೇ ನೋಡುತ್ತಿದ್ದೆ. ಕೊನೆಗೆ ನದೀಮ್.

"ಸರ, ನಮಗ್ಯಾಕ್ರೀ ಈ ಉಸಾಬರಿ? ಮುಂದಿನ ತಿಂಗಳ ಮತ್ತ ಬುಕ್ ಮಾಡೇನಿ."

"ನಿಮ್ಮ ಫೋಟೋಗಳನ್ನಾದ್ರೂ ಕಳಿಸಿ."

"ಪಟ್ಟಿ ಅಳಿಸಿ ಗ್ರೂಪಿಗೆ ಹಾಕೇನಲ್ರೀ. ಕೇಂದ್ರದವರಿಗೂ ಕಳಿಸೇನಿ. ಎಷ್ಟ್ ಮಂದಿ ಭಾಳ ಚಲೋ ಅಂದಾರ! ಒರಿಜಿನಲ್ ಇಲ್ಲ, ಡಿಲೀಟ್ ಮಾಡಿಬಿಟ್ಟೆ."

ನನಗೆ ಮೈ ಉರಿಯಿತು. "ಡಾಕ್ಟ್ರೇ, ಥಿಯೇಟರಲ್ಲಿ ಸರ್ಜನ್ ಮಾಡಿದ ತಪ್ಪನ್ನ ನಿಮ್ಮ ತಲೆಗೆ ಕಟ್ತಾರೆ ಅಂದ್ಕೊಳ್ಳಿ. ಅಲ್ಲಿದ್ದ ನರ್ಸುಗಳೆಲ್ಲ 'ನಾವು ಮಾನಿಟರ್ ನೋಡ್ತಿದ್ವಿ' ಅಂದ್ರೆ?"

ನದೀಮ್ ಹೇಳಿದರು: "ಬರಕೋರಿ. ಹಾರಿಸಿದಾಂವ ಮಾಲಕ. ನನ್ನ ಹೆಸರೂ ಹಾಕ್ರಿ."

ನನ್ನ ಬಳಿ ಒಂದು ಕೆಟ್ಟ ಚಿತ್ರವಿತ್ತು. ಹದ್ದಿನ ರೆಕ್ಕೆ ಅರ್ಧ ಚೌಕಟ್ಟಿನಾಚೆ ಹೋಗಿತ್ತು, ಅದರಡಿ ಮಾಲೀಕನ ಮುಖ ಮತ್ತು ಕೈಗವಸು, ಪಟ್ಟಿಯ ತುದಿಯಲ್ಲಿ ಸ್ಪಷ್ಟವಾದ ಸೀಳು. ಪತ್ರಿಕೆ ಅಚ್ಚಾಗುವ ತನಕ ಯಾವ ಚಿತ್ರವನ್ನೂ ಅಳಿಸುವಂತಿಲ್ಲ ಎಂಬುದು ನಮ್ಮ ಪತ್ರಿಕೆಯ ಫೋಟೋ ಡೆಸ್ಕಿನ ಶಿಸ್ತು. ಆ ಡೆಸ್ಕಿನವರೇ ಕೇಳಿದರು: "ಪಟ್ಟಿ ತೆಗೆದುಬಿಡೋಣವೇ? ಅಸಹ್ಯವಾಗಿದೆ."

"ಸುದ್ದಿಯೇ ಅದು" ಎಂದೆ. ಡಾಕ್ಟರ ಹೇಳಿಕೆಯ ಜೊತೆ ಚಿತ್ರ ಇದ್ದಂತೆಯೇ ಅಚ್ಚಾಯಿತು.

ಗಿಲಿಯನ್‌ಳನ್ನು ಮತ್ತೆ ಕೆಲಸಕ್ಕೆ ಕರೆದರು. ಕ್ಷಮೆ ಮಾತ್ರ ಯಾರೂ ಕೇಳಲಿಲ್ಲ. ಹದ್ದು ಮತ್ತೆ ಹಾರಲಿಲ್ಲ. ಕೇಂದ್ರದ ವೆಬ್‌ಸೈಟಿನಲ್ಲಿ ಇಂದಿಗೂ ಅದರ ಕೊನೆಯ ಹಾರಾಟದ ಚಿತ್ರವಿದೆ, ನದೀಮ್ ಪಟ್ಟಿ ಅಳಿಸಿ ಕಳಿಸಿದ್ದೇ ಅದು. ತೆಗೆಯಿರಿ ಎಂದು ಅವರು ಎಷ್ಟು ಬರೆದರೂ ಉತ್ತರವಿಲ್ಲ. ನೀಲಿ ಆಕಾಶ, ಬರಿಗಾಲಿನ ಹದ್ದು, ಕೆಳಗೆ "ಸ್ವಚ್ಛಂದ" ಎಂಬ ಶೀರ್ಷಿಕೆ.

ಚಿತ್ರದಲ್ಲಿ ಕಣ್ಣಿಗೆ ಚುಚ್ಚುವುದನ್ನು ಅಳಿಸುವ ಮುಂಚೆ ಅದನ್ನು ಯಾರು ಯಾರ ಕಾಲಿಗೆ ಕಟ್ಟಿದ್ದು ಎಂದು ಕೇಳಬೇಕು. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು.