ಟಾವೆಲ್ಲಿನ ಕೆಳಗಿನ ಸೌದಾ

ಪಕ್ಕದ ಮನೆ ಕಾಕಾನ ಬೆರಳಿನ ಗೆರೆಗಳಲ್ಲಿ ಕೂತ ಹಳದಿ, ಅಂಗಡಿ ಬಿಟ್ಟು ಎಷ್ಟೋ ವರ್ಷವಾದರೂ ಹೋಗಿರಲಿಲ್ಲ. ಸಾಂಗಲಿಯ ಅರಿಷಿಣ ಪೇಟೆಯಲ್ಲಿ ಜೀವಮಾನ ಕಳೆದ ಕೈ ಅದು. ಆ ಬೆರಳುಗಳನ್ನು ಮರೆತು ಅವರ ಕಿವಿಯನ್ನಷ್ಟೇ ಒಲಿಸಿಕೊಳ್ಳಲು ಹೊರಟದ್ದು ನನ್ನ ಪೆದ್ದತನ. ನಾನೇ ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಅವರ ಸೊಸೆ, ನಮ್ಮ ವೈನಿ, ಹೇಳುತ್ತಾಳೆ. ನನಗಿಂತ ಚೆನ್ನಾಗಿಯೇ ಹೇಳುತ್ತಾಳೆ.

ಮಿರಜದ ನಮ್ಮ ಗಲ್ಲಿಯಲ್ಲಿ ನಾನು ತೆಗೆಯದ ದನಿ ಇಲ್ಲ. ನಿನ್ನ ಸ್ವಂತದ್ದು ಯಾವುದು ಎಂದರೆ ಮಾತ್ರ ಕೆಮ್ಮು ಬರುತ್ತದೆ. ಸಣ್ಣವನಿದ್ದಾಗ ಕಾಕಾನ ಎದುರಿಗೇ ಕಾಕಾನ ನಕಲು ಮಾಡಿದ್ದೆ. ಅವರು ಸಿಟ್ಟಾಗಲಿಲ್ಲ. ಅರಿಷಿಣದ ಕೊಂಬು ಮುರಿದು ಒಳಗಿನ ಬಣ್ಣ ನೋಡುವವರಂತೆ ನನ್ನನ್ನು ನೋಡಿ, "ಚೀಲಾ ಚೊಲೊ ಐತಿ. ಒಳಗ ಮಾಲ ಏನೈತಿ?" ಎಂದರು.

ಅವರ ಕಾಲದ ಪೇಟೆಯಲ್ಲಿ ದರವನ್ನು ಬಾಯಲ್ಲಿ ಆಡುತ್ತಿರಲಿಲ್ಲವಂತೆ. ಕೊಳ್ಳುವವನೂ ಮಾರುವವನೂ ಟಾವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಸೌದಾ ಮುಗಿಸುತ್ತಿದ್ದರು. ಸುತ್ತ ನಿಂತವರಿಗೆ ಗುಟ್ಟು ಗೊತ್ತಾಗುತ್ತಿರಲಿಲ್ಲ. ಕಾಕಾ ಅದನ್ನು ಮನೆಗೂ ತಂದಿದ್ದರು. ನಾನು ಪೇಢಾ ಬೇಡಿದರೆ ಹೆಗಲ ಟಾವೆಲ್ಲು ಇಳಿಯುತ್ತಿತ್ತು. ನಾನು ಮೂರು ಬೆರಳು, ಅವರು ಒಂದು. ಕೊನೆಗೆ ಎಷ್ಟು ಒತ್ತಿ ಒಪ್ಪಿದರೋ ಅಷ್ಟು ಕೈಗೆ ಬರುತ್ತಿತ್ತು. ಒಪ್ಪಿದ ಮೇಲೆ ಅವರು ಮಾತು ತಪ್ಪಿದ್ದನ್ನು ಯಾರೂ ಕಂಡಿಲ್ಲ.

ಆಮೇಲೆ ಮರೆವಿನ ರೋಗ ಬಂತು. ಪೇಟೆಯಲ್ಲಿ ಆಡಿ ಆಡಿ ಸವೆಸಿದ ಮರಾಠಿ ಮೊದಲು ಹೋಯಿತು. ತಾಯಿಯ ಕನ್ನಡ ಉಳಿಯಿತು. ಆಮೇಲೆ ಊಟ. ತಟ್ಟೆ ಇಟ್ಟರೆ ಯಾರದೋ ಎನ್ನುವಂತೆ ಸರಿಸುತ್ತಿದ್ದರು. ಹೀಗೇ ಆದರೆ ಮೂಗಿಗೆ ನಳಿಗೆ ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ ದಿನ ವೈನಿ ಒಲೆ ಹಚ್ಚಲೇ ಇಲ್ಲ.

ಅದೇ ಹೊತ್ತಿಗೆ ಸಾಂಗಲಿಯ ವಿಶ್ರಾಮಬಾಗದಿಂದ ಒಬ್ಬ ಮ್ಯಾಡಂ ಬಂದರು. ಮರೆವಿನ ಹಿರಿಯರಿಗೆ ಜೊತೆ ಕೊಡುವ ರೋಬೋದ ಮೇಲೆ ಅವರ ಸಂಶೋಧನೆ. ಅವರು ತಂದ ರೋಬೋ ನೀರಿನ ಕೊಡದಷ್ಟು ಎತ್ತರ, ಗುಂಡು ತಲೆ, ಕೈಯ ಜಾಗದಲ್ಲಿ ಎರಡು ಮೆತ್ತನೆಯ ಉಂಡೆ. ಅದು ಮರಾಠಿ ಮಾತಾಡಿತು. ಕಾಕಾ ಅದಕ್ಕೊಂದು ನಮಸ್ಕಾರ ಹಾಕಿ ಗೋಡೆಗೆ ತಿರುಗಿದರು. ಅದಕ್ಕೆ ನಮ್ಮ ಕನ್ನಡದ ದನಿ ತುಂಬಬೇಕಾಯಿತು. ಗಲ್ಲಿಯೆಲ್ಲ ಸೇರಿ ನನ್ನನ್ನು ಮುಂದೆ ನೂಕಿತು.

ನನ್ನ ದನಿಯ ರೋಬೋ ನನಗಿಂತ ಒಳ್ಳೆಯದಿತ್ತು. ಗೋದಾಮಿಗೆ ಹೊಳೆಯ ನೀರು ಹೊಕ್ಕ ಕಥೆಯನ್ನು ಕಾಕಾ ಎಷ್ಟು ಸಲ ಹೇಳಿದರೂ "ಮುಂದೇನಾತ್ರಿ?" ಎಂದು ಕೇಳುತ್ತಿತ್ತು. ನಾನಾಗಿದ್ದರೆ ಎರಡನೇ ಸಲಕ್ಕೇ ಚಪ್ಪಲಿ ಹುಡುಕುತ್ತಿದ್ದೆ. ಸಂಜೆಯಾದರೆ ಕಾಕಾ ಮನೆಯಲ್ಲೇ ಕೂತು "ಮನೀಗೆ ಹೋಗೂಣು" ಎಂದು ಹಟ ಹಿಡಿಯುವುದು ಕಡಿಮೆಯಾಯಿತು. ವೈನಿ ಕೂತು ಚಹಾ ಕುಡಿಯುವಂತಾಯಿತು. ಆದರೆ ರೋಬೋ "ಊಟಾ ಮಾಡ್ರಿ" ಎಂದರೆ ಮಾತ್ರ ಕಾಕಾ, "ಆಮ್ಯಾಲ."

ಆಗ ನನ್ನ ತಲೆ ಓಡಿತು. ಕಾಕಾ ಜನ್ಮದಲ್ಲಿ ಒಬ್ಬರ ಮಾತನ್ನಷ್ಟೇ ಮೀರಿರಲಿಲ್ಲ: ತೀರಿಹೋದ ಅಣ್ಣನದು. ಸಣ್ಣಂದಿನಿಂದ ಕೇಳಿದ ಆ ದನಿ ನನಗೆ ಬಾಯಿಪಾಠ; ಅದನ್ನೇ ರೋಬೋದಲ್ಲಿ ತುಂಬೋಣ ಎಂದೆ. ವೈನಿ ಬೇಡವೆಂದಳು, ಮ್ಯಾಡಂ ಯೋಚಿಸೋಣ ಎಂದರು, ನಾನು ಇಬ್ಬರನ್ನೂ ಮಾತಿನಲ್ಲಿ ಸೋಲಿಸಿದೆ.

ಮಧ್ಯಾಹ್ನ ರೋಬೋ ಅಣ್ಣನ ದನಿಯಲ್ಲಿ "ತಮ್ಮಾ, ಎರಡು ರೊಟ್ಟಿ ಉಣ್ಣು" ಎಂದಿತು. ಕಾಕಾನ ಮುಖ ಬೆಳಗಿತು. ಹೆಗಲ ಟಾವೆಲ್ಲು ತೆಗೆದು ರೋಬೋದ ಕೈ ಮೇಲೆ ಹಾಸಿ, ಒಳಗೆ ತಮ್ಮ ಕೈ ತೂರಿಸಿದರು. ತಡಕಿದರು. ಮತ್ತೆ ತಡಕಿದರು. ಮುಖ ಬಿಳಿಚಿತು.

"ಅಣ್ಣನ ಬೆರಳ ಎಲ್ಲಿ ಅದಾವ? ಯಾರ ಕಡದ್ರು?"

ಏನೂ ತೋಚದೆ ನನ್ನ ಕೈಯನ್ನೇ ಟಾವೆಲ್ಲಿನ ಕೆಳಗೆ ತೂರಿಸಿದೆ. ಅವರು ಒಂದೊಂದೇ ಬೆರಳು ಹಿಡಿದು ನೋಡಿದರು. ಐದೂ ಸಿಕ್ಕಿದ ಮೇಲೆ ಉಸಿರು ಇಳಿಯಿತು.

"ನೀ ಉಂಡೀ?"

"ಇಲ್ರಿ ಕಾಕಾ."

ನಾನು ಅವರ ಎರಡು ಬೆರಳು ಒತ್ತಿದೆ: ನೀವು ಎರಡು ರೊಟ್ಟಿ. ಅವರು ಒಂದಕ್ಕೆ ಇಳಿಸಿದರು. ನಾನು ಬಿಡಲಿಲ್ಲ. ಕೊನೆಗೆ ಎರಡು ಒಪ್ಪಿ, ನನ್ನ ಎರಡು ಬೆರಳೂ ಒತ್ತಿ, ಅಂಗೈ ತಟ್ಟಿದರು: ನಿನಗೂ ಎರಡು. ಸೌದಾ ಆಯಿತು. ಅವರು ಉಂಡರು. ವೈನಿ ಎದುರಿಗೆ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಬಡಿಸಿದಳು.

ಅಣ್ಣನ ದನಿಯನ್ನು ಅವತ್ತೇ ತೆಗೆಸಿದೆವು. ಕಥೆ ಕೇಳುವುದು ರೋಬೋದ ಪಾಲಿಗೆ, ಊಟದ ಸೌದಾ ನನ್ನ ಪಾಲಿಗೆ ಬಂತು. ಕಾಕಾ ಚೇತರಿಸಿಕೊಂಡರು, ನನ್ನ ಪ್ಯಾಂಟು ಬಿಗಿಯಾಯಿತು. ನಳಿಗೆ ಬರಲೇ ಇಲ್ಲ. ಹೋದ ಚಳಿಗಾಲ, ಉಂಡು ಮಲಗಿದವರು ಹಾಗೇ ಹೋದರು. ಈಗಲೂ ಮಧ್ಯಾಹ್ನ ತಟ್ಟೆಯ ಮುಂದೆ ಕೂತರೆ ನನ್ನ ಬಲಗೈ ಯಾರಾದರೂ ಹಿಡಿಯಲಿ ಎಂದು ಕಾಯುತ್ತದೆ. ಚೀಲದೊಳಗೆ ಸ್ವಲ್ಪ ಮಾಲು ತುಂಬಿದವರು ಅವರು.

ರೋಬೋವನ್ನು ವಾಪಸು ಒಯ್ಯಲು ಮ್ಯಾಡಂ ಬಂದಾಗ ಕಾಕಾ ಇನ್ನೂ ಇದ್ದರು. ಮುಂದಿನ ರೋಬೋಗೆ ಒಳ್ಳೆಯ ಬೆರಳು ಮಾಡಿಸಿದರೆ ಕಾಕಾ ಅದರ ಜೊತೆ ಸೌದಾ ಮಾಡುತ್ತಾರಾ ಕೇಳು ಎಂದು ಮ್ಯಾಡಂ ಮರಾಠಿಯಲ್ಲಿ ನನಗೆ ಹೇಳಿದರು. ನಾನು ಕನ್ನಡದಲ್ಲಿ ಕೇಳಿದೆ. ಕಾಕಾ ಅದರ ಗುಂಡು ತಲೆಯನ್ನು ಪ್ರೀತಿಯಿಂದ ಸವರಿ ಹೇಳಿದರು:

"ಬೆರಳೇನ ಹಚ್ಚತಾರ ಬಿಡು. ಹಸಿವಿಲ್ಲದವನ ಕೂಡ ಸೌದಾ ಹ್ಯಾಂಗ ಮಾಡೂದು?"